ಹಲಸಿನ ದಂಡ

ತೀರ್ಮಾನ ಆದದ್ದು ಸಹಕಾರ ಸಂಘದ ಗೋದಾಮಿನಲ್ಲಿ,
ಗೊಬ್ಬರದ ಮೂಟೆಗಳ ಮೇಲೆ ಕೂತು:
ಮಳೆ ಹಿಡಿಯುವ ಮೊದಲು ಊರಿನ ಎಲ್ಲ ಹಲಸಿನ ಮರಗಳಿಂದ
ಕಾಯಿ ಇಳಿಸಬೇಕು, ಎಳೆಯದಾದರೂ ಸರಿ.
ಇಳಿಸದ ಮರಕ್ಕೆ ನೂರು ರೂಪಾಯಿ.
ಹಣ್ಣಾದರೆ ಆನೆ ಬರುತ್ತದೆ,
ಆನೆ ಬಂದ ದಾರಿಯಲ್ಲೇ
ಬೆಳಗಿನ ಏಳಕ್ಕೆ ಕೆಲಸದವರೂ ಬರುತ್ತಾರೆ.

ಯಾರೂ ಹೆಚ್ಚು ಮಾತಾಡಲಿಲ್ಲ.
ಹಿಂದಿನ ವರ್ಷ ಚೋಮಿಯ ಗಂಡನ ಒಂದು ಚಪ್ಪಲಿ
ಕಾಫಿಯ ಈ ಸಾಲಿನಲ್ಲಿ, ಇನ್ನೊಂದು ಆಚೆ ಸಾಲಿನಲ್ಲಿ
ಸಿಕ್ಕಿದ್ದನ್ನು ಎಲ್ಲರೂ ನೋಡಿದ್ದೆವು.

ಉತ್ತಯ್ಯ ಮಾತ್ರ ಎದ್ದು ಕೇಳಿದ:
'ಮರ ನನ್ನದು, ಮಣ್ಣು ನನ್ನದು, ಆನೆ ಸರಕಾರದ್ದು.
ದಂಡ ಹೇಗೆ ನನ್ನದಾಯಿತು?'
ಉತ್ತರ ಇತ್ತು. ಹೇಳುವ ಧೈರ್ಯದವರು
ಆವತ್ತು ಸಭೆಗೆ ಬಂದಿರಲಿಲ್ಲ.
ರಸೀದಿ ಪುಸ್ತಕ ನನ್ನ ಕೈಗೆ ಬಂತು,
ನನ್ನ ಅಕ್ಷರ ದುಂಡಗಿದೆ ಅನ್ನುವ ಒಂದೇ ತಪ್ಪಿಗೆ.

ಮನೆ ಮನೆ ಹತ್ತಿದೆ.
ದೊಡ್ಡ ತೋಟದ ರೈಟರು ಕನ್ನಡಕ ತೆಗೆಯದೆ ಲೆಕ್ಕ ಹಾಕಿದ:
'ಮರ ಹತ್ತುವವನ ಕೂಲಿ ಎಂಟುನೂರು, ನಿಮ್ಮದು ನೂರು.
ನಲವತ್ತು ಮರಕ್ಕೂ ಬರೆಯಿರಿ, ಅಗ್ಗವಾಯಿತು.'
ಹೋಂಸ್ಟೇಯವನು ಇನ್ನೂರು ಕೊಟ್ಟು ಚಿಲ್ಲರೆ ಬೇಡವೆಂದ,
ಅವನ ಅತಿಥಿಗಳಿಗೆ ಬಾಲ್ಕನಿಯಿಂದ ಆನೆ ಕಾಣಬೇಕಂತೆ.
ಉತ್ತಯ್ಯ ಬಯ್ಯುತ್ತಲೇ ಏಣಿ ಹಾಕಿ
ಒಂದು ಮಿಡಿಯೂ ಬಿಡದೆ ಕೆಡವಿದ.
ನೂರು ರೂಪಾಯಿ ಬೇರೆ ಬೇರೆ ಮನೆಯಲ್ಲಿ
ಬೇರೆ ಬೇರೆ ತೂಗುತ್ತದೆಂದು
ಗೋದಾಮಿನ ತಕ್ಕಡಿಗೆ ಯಾರು ಹೇಳಬೇಕಿತ್ತು?

ಲೈನ್‌ಮನೆಯ ಹಿಂದೆ ಒಂದೇ ಮರ, ಬರಿದು.
'ನಾವೇ ಮೊದಲು ಇಳಿಸಿದ್ದು ಅಕ್ಕಾ,' ಅಂದಳು ಚೋಮಿ.
'ಆಟಿ ತಿಂಗಳ ಒಂದು ಹೊತ್ತು ಅದರಲ್ಲೇ ಕಳೆಯುತ್ತಿತ್ತು.
ಬೀಜ ಮಣ್ಣು ಸವರಿ ಮಡಕೆಯಲ್ಲಿ ಇಡುತ್ತಿದ್ದೆ.'
ಹಸಿದು ಹಲಸು, ಉಂಡು ಮಾವು.
ಶಾಲೆಯಲ್ಲಿ ಈ ಗಾದೆಗೆ ನನಗೆ ಪೂರ್ತಿ ಅಂಕ ಬಂದಿತ್ತು.
ಅವಳ ಹೆಸರಿಗೆ ಏನು ಬರೆಯಲಿ?
ದಂಡವಿಲ್ಲದವರಿಗೆ ರಸೀದಿಯೂ ಇಲ್ಲ.

ಇನ್ನು ನನ್ನ ಮರ.
ಬಚ್ಚಲ ಹಿಂದೆ, ಮೇಲಿನ ಕವಲಿನಲ್ಲಿ ಒಂದೇ ಒಂದು ಕಾಯಿ.
ಕೈಗೆ ಎಟುಕದ್ದೆಂದೋ, ಕಣ್ಣಿಗೆ ಬೀಳದ್ದೆಂದೋ
ಎಣಿಸದೆ ಬಿಟ್ಟಿದ್ದೆ.
ಜೂನಿನಲ್ಲಿ ಒಂದು ಸಂಜೆ ಮಳೆ ಹೊಳವಾದಾಗ
ವಾಸನೆ ಅಂಗಳ ದಾಟಿತು, ಬೇಲಿ ದಾಟಿತು,
ನನ್ನ ಹೆಸರು ಹೇಳಿಕೊಂಡು ರಸ್ತೆಗಿಳಿಯಿತು.

ದೀಪ ಹಚ್ಚಿ ರಸೀದಿ ಹರಿದೆ:
ಸಂಖ್ಯೆ ಮೂವತ್ತೊಂದು, ದೇಚಮ್ಮ, ಮರ ಒಂದು.
ನನ್ನ ನೂರನ್ನು ನಾನೇ ಡಬ್ಬಿಗೆ ಹಾಕಿ
ಮಲಗಿದೆ, ಚೊಕ್ಕ ಮನಸ್ಸಿನಿಂದ.
ಹಣ್ಣು ಮಾತ್ರ ಮರದಲ್ಲೇ ಇತ್ತು.
ಆನೆಗೆ ರಸೀದಿ ಓದಲು ಬರುವುದಿಲ್ಲ.

ಎರಡು ಗಂಟೆಗೆ ಎಲ್ಲೋ ಬೈನೆ ಮುರಿದ ಸದ್ದು.
ನಾಲ್ಕಕ್ಕೆ ನಾಯಿ ಮಂಚದ ಕೆಳಗೆ ಬಂತು.
ಆರಕ್ಕೇ ಟಾರ್ಚು, ಗರ್ನಾಲು ಹಿಡಿದು
ಹೋಗಿ ನಿಂತೆ ರಸ್ತೆಯ ತಿರುವಿನಲ್ಲಿ,
ಯಾರೂ ಹಾಕದ ಕಾವಲು.
ಆನೆ ಬರಲಿಲ್ಲ. ಚೋಮಿ ಬಂದಳು,
ತಲೆಗೆ ಗೊಬ್ಬರದ ಚೀಲ ಕವುಚಿ, ಎಲ್ಲರಿಗಿಂತ ಮುಂದೆ.
ಒಮ್ಮೆ ಮೂಗೇರಿಸಿ ನಿಂತಳು.
'ನಿಮ್ಮದಾ?'

ಸುಳ್ಳು ಹೇಳಲು ಹೊತ್ತು ಸಾಲಲಿಲ್ಲ.
ಅವಳ ಮಗ ಹತ್ತಿದ, ಹಗ್ಗದಲ್ಲಿ ಇಳಿಸಿದ,
ಚೀಲದ ಮೇಲೆಯೇ ಕತ್ತಿ ಹಾಕಿದಳು.
ನನಗೊಂದು ತೊಳೆ ಕೊಟ್ಟು,
ಬೀಜ ವಾಪಸು ಕೇಳಿದಳು.

ಕೈಗೆ ಎಣ್ಣೆ ಸವರದೆ ಪುಸ್ತಕ ತೆರೆದೆ, ತಪ್ಪು ನನ್ನದೇ.
ಮೇಣ ಹತ್ತಿ ನನ್ನ ರಸೀದಿಯ ಅರ್ಧವೂ
ಮುಂದಿನ ಖಾಲಿ ಹಾಳೆಯೂ ಅಂಟಿಕೊಂಡಿವೆ.
ಭಾನುವಾರ ಮತ್ತೆ ಸಭೆ, ಲೆಕ್ಕ ಒಪ್ಪಿಸಬೇಕು.
ಬಿಡಿಸಲು ಹೋದರೆ ಎರಡೂ ಹರಿಯುತ್ತವೆ.